ಮೌಖಿಕ ಕಾವ್ಯದ ಗಣಕಪಾಠ: ಆವೃತ್ತಿ ನಿಯಂತ್ರಣ ಮತ್ತು ಪಾಠರಕ್ಷಣೆಯ ಪರೀಕ್ಷೆಗಳು

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಆಸುಪಾಸು ಕಾಡುಗೊಲ್ಲರ ಹಟ್ಟಿಗಳಿರುವ ಸೀಮೆ. ಈ ಸಮುದಾಯದ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಥನವನ್ನು ಗಣೆಯ ನಾದದೊಂದಿಗೆ ಹಾಡುವ ಪರಂಪರೆ ಇಲ್ಲಿಯದು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದ ಜನಪದ ಮಹಾಕಾವ್ಯಗಳಲ್ಲಿ ಜುಂಜಪ್ಪನ ಕಾವ್ಯವೂ ಸೇರಿದೆ. ಇಂತಹ ಕಾವ್ಯಗಳ ಧ್ವನಿಮುದ್ರಣ, ಲಿಪ್ಯಂತರ, ಪರಿಷ್ಕರಣಗಳು ಇಂದು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ನಡೆಯುತ್ತವೆ. ಹೀಗೆ ಸಂಗ್ರಹಿಸಿದ ಪಾಠವು ಕಾಲಾಂತರದಲ್ಲಿ ಅಕ್ಷರವೂ ವ್ಯತ್ಯಾಸವಾಗದೆ ಉಳಿದಿದೆ ಎಂಬುದಕ್ಕೆ ಪ್ರಮಾಣವೇನು ಎಂಬ ಪ್ರಶ್ನೆಯನ್ನು ಆವೃತ್ತಿ ನಿಯಂತ್ರಣ ತಂತ್ರಾಂಶಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಒಳಗಿನ ಕಾವಲು, ಹೊರಗಿನ ಕಾವಲು

ಹಳಗನ್ನಡ ಕಾವ್ಯಗಳಿಗೆ ಪಾಠದೊಳಗೇ ಒಂದು ಕಾವಲು ಉಂಟು. ಕಂದಪದ್ಯದ ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳಿರಬೇಕು. ನಾಲ್ಕೂ ಪಾದಗಳ ಎರಡನೆಯ ಅಕ್ಷರದಲ್ಲಿ ಪ್ರಾಸವಿರಬೇಕು. ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟರೆ ಮಾತ್ರೆ ಕೆಡುತ್ತದೆ, ಪ್ರಾಸಸ್ಥಾನದಲ್ಲಿ ತಪ್ಪಿದರೆ ಪ್ರಾಸ ಕೆಡುತ್ತದೆ. ದೋಷವು ತಾನಾಗಿಯೇ ಬೆಳಕಿಗೆ ಬರುತ್ತದೆ. ಗ್ರಂಥಸಂಪಾದಕರು ಪಾಠಪರಿಷ್ಕರಣದಲ್ಲಿ ಛಂದಸ್ಸಿನ ನೆರವನ್ನು ಪಡೆದುದು ಈ ಕಾರಣದಿಂದಲೇ.

ಮೌಖಿಕ ಕಾವ್ಯದ ಸ್ಥಿತಿ ಭಿನ್ನವಾದುದು. ಅದು ಹಾಡಿದಂತೆಲ್ಲ ಬದಲಾಗುತ್ತದೆ. ಗಾಯಕನಿಂದ ಗಾಯಕನಿಗೆ ಸಾಲುಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಆದ್ದರಿಂದ ಲಿಪ್ಯಂತರದ ತಪ್ಪೊಂದು ಪಾಠಾಂತರದ ವೇಷದಲ್ಲಿ ಉಳಿದುಬಿಡಬಹುದು. ಗಾಯಕನು ‘ಆಲು’ ಎಂದುದನ್ನು ‘ಹಾಲು’ ಎಂದೋ, ‘ಬಂದವ್ನೆ’ ಎಂದುದನ್ನು ‘ಬಂದಿದ್ದಾನೆ’ ಎಂದೋ ಯಾರಾದರೂ ತಿದ್ದಿದರೆ ಆ ತಿದ್ದುಪಡಿಯನ್ನು ಕಾವ್ಯವೇ ಎತ್ತಿ ತೋರಿಸಲಾರದು. ಗಾಯಕನು ತೀರಿಕೊಂಡ ಮೇಲೆ ಮತ್ತೆ ಕೇಳುವ ಅವಕಾಶವೂ ಇಲ್ಲ. ಒಳಗಿನ ಕಾವಲಿಲ್ಲದ ಇಂತಹ ಪಾಠಕ್ಕೆ ಹೊರಗಿನ ಕಾವಲು ಅನಿವಾರ್ಯವಾಗುತ್ತದೆ.

2. ಮುದ್ರೆಗಳ ಸರಪಳಿ

ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ‘ಗಿಟ್’ ತಂತ್ರಾಂಶವು ಈ ಹೊರಗಿನ ಕಾವಲಿಗೆ ಉತ್ತಮ ನಿದರ್ಶನ. ಅದು ಪ್ರತಿಯೊಂದು ಕಡತದ ಒಳಗಣ ಬೈಟುಗಳಿಂದ 40 ಅಂಕಾಕ್ಷರಗಳ ಒಂದು ಮುದ್ರೆಯನ್ನು ಗಣಿಸುತ್ತದೆ. ತಂತ್ರಜ್ಞರು ಇದನ್ನು ಹ್ಯಾಶ್ ಎನ್ನುತ್ತಾರೆ. ಒಂದು ಅಕ್ಷರ ಬದಲಾದರೂ ಮುದ್ರೆ ಪೂರ್ಣವಾಗಿ ಬದಲಾಗುತ್ತದೆ. ಪ್ರತಿ ಪರಿಷ್ಕರಣದ ದಾಖಲೆಯು ಹಿಂದಿನ ದಾಖಲೆಯ ಮುದ್ರೆಯನ್ನು ತನ್ನೊಳಗೆ ಇರಿಸಿಕೊಳ್ಳುವುದರಿಂದ, ಹಳೆಯ ಪಾಠವೊಂದನ್ನು ಗುಟ್ಟಾಗಿ ತಿದ್ದಿದರೆ ಅಲ್ಲಿಂದ ಮುಂದಿನ ಎಲ್ಲ ಮುದ್ರೆಗಳೂ ವ್ಯತ್ಯಾಸಗೊಳ್ಳುತ್ತವೆ.

ಪ್ರತಿಗಳನ್ನು ತಾಳೆ ನೋಡುವುದರ ಮಹತ್ವವನ್ನು 2003ರ ನವೆಂಬರ್‌ನ ಘಟನೆಯೊಂದು ಸ್ಪಷ್ಟಪಡಿಸುತ್ತದೆ. ಲಿನಕ್ಸ್ ತಿರುಳಿನ ಮೂಲಪ್ರತಿಯು ‘ಬಿಟ್‌ಕೀಪರ್’ನಲ್ಲಿತ್ತು, ಅದರ ಒಂದು ಪ್ರತಿಯನ್ನು ‘ಸಿವಿಎಸ್’ ಎಂಬ ಹಳೆಯ ವ್ಯವಸ್ಥೆಯಲ್ಲಿ ಇರಿಸಲಾಗಿತ್ತು. ಅನಾಮಿಕನೊಬ್ಬನು ಆ ಪ್ರತಿಯಲ್ಲಿ ಎರಡು ಸಾಲುಗಳನ್ನು ಸೇರಿಸಿದನು. ಎರಡು ಸಮಚಿಹ್ನೆಗಳಿರಬೇಕಾದ ಕಡೆ ಒಂದೇ ಇದ್ದುದರಿಂದ, ಮೇಲುನೋಟಕ್ಕೆ ಹೋಲಿಕೆಯಂತೆ ಕಾಣುವ ಸಾಲು ಸಾಮಾನ್ಯ ಬಳಕೆದಾರನಿಗೆ ಯಂತ್ರದ ಸರ್ವಾಧಿಕಾರವನ್ನು ನೀಡುವಂತಿತ್ತು. ಪ್ರತಿಯು ಮೂಲದೊಡನೆ ತಾಳೆಯಾಗದ ಕಾರಣ ಅದು ಸಿಕ್ಕಿಬಿದ್ದಿತು. ಗ್ರಂಥಸಂಪಾದಕರಿಗೆ ಈ ವಿಧಾನ ಅಪರಿಚಿತವೇನಲ್ಲ.

3. ಪೂರ್ವನಿಗದಿತ ಆಯ್ಕೆಗಳು

ಆದರೆ ತಂತ್ರಾಂಶವನ್ನು ಅಳವಡಿಸಿದ ಮಾತ್ರಕ್ಕೆ ರಕ್ಷಣೆ ಪೂರ್ಣವಾಗುವುದಿಲ್ಲ. ಬೇರೆಡೆಯಿಂದ ಪಾಠಗಳನ್ನು ಪಡೆಯುವಾಗ ಗಿಟ್ ಮುದ್ರೆಗಳನ್ನು ತಾನೇ ಗಣಿಸುತ್ತದೆ. ಆದರೆ ಬಂದ ದಾಖಲೆಗಳ ರಚನೆ ಕ್ರಮಬದ್ಧವಾಗಿದೆಯೇ, ಅಪಾಯಕಾರಿ ಅಂಶಗಳಿವೆಯೇ ಎಂಬ ವಿಸ್ತೃತ ಪರೀಕ್ಷೆಯು ಬಳಕೆದಾರನು ಸೂಚಿಸದ ಹೊರತು ನಡೆಯುವುದಿಲ್ಲ. ಹಳೆಯ ಉಪಕರಣಗಳು ಸೃಷ್ಟಿಸಿದ ಸಣ್ಣ ದೋಷಗಳು ಅನೇಕ ಸಂಗ್ರಹಗಳಲ್ಲಿ ಉಳಿದಿದ್ದು, ಕಟ್ಟುನಿಟ್ಟಾದ ಪರೀಕ್ಷೆಯು ಅವನ್ನೆಲ್ಲ ತಿರಸ್ಕರಿಸೀತು ಎಂಬುದು ಇದಕ್ಕೊಂದು ಕಾರಣ. ಸಂಗ್ರಹವನ್ನು ಆಮೂಲಾಗ್ರವಾಗಿ ಪರೀಕ್ಷಿಸುವ ‘ಎಫ್‌ಎಸ್‌ಸಿಕೆ’ ಆದೇಶವನ್ನೂ ಕೇಳಿ ನಡೆಸಬೇಕು. ಇಲ್ಲವಾದರೆ ಡಿಸ್ಕಿನಲ್ಲಿ ಉಂಟಾದ ಹಾನಿಯು ಆ ಕಡತವನ್ನು ಓದುವ ಪ್ರಸಂಗ ಬರುವವರೆಗೆ ಅಜ್ಞಾತವಾಗಿ ಉಳಿಯಬಹುದು.

ಇನ್ನೂ ಎರಡು ಅಂಶಗಳು ಗಮನಾರ್ಹ. ಬರೆಯುವ ಅಧಿಕಾರವುಳ್ಳವನು ಒತ್ತಾಯದ ಆದೇಶದಿಂದ ಕೇಂದ್ರ ಸಂಗ್ರಹದ ಇತಿಹಾಸವನ್ನೇ ಬದಲಿಸುವುದನ್ನು ಗಿಟ್ ಸಾಮಾನ್ಯವಾಗಿ ತಾನಾಗಿ ತಡೆಯುವುದಿಲ್ಲ. ನಿಷೇಧವನ್ನು ಪ್ರತ್ಯೇಕವಾಗಿ ವಿಧಿಸಬೇಕು. ಎರಡನೆಯದಾಗಿ, ಪರಿಷ್ಕರಣದ ಜೊತೆ ದಾಖಲಾಗುವ ಹೆಸರನ್ನು ಬಳಕೆದಾರನೇ ಬರೆದುಕೊಳ್ಳುತ್ತಾನೆ. ಮುದ್ರೆಯು ಪಾಠ ಬದಲಾಗಿಲ್ಲವೆಂದು ಹೇಳುತ್ತದೆಯೇ ಹೊರತು ಬರೆದವರು ಯಾರೆಂದು ಹೇಳುವುದಿಲ್ಲ. ಅದಕ್ಕೆ ಅಂಕೀಯ ಸಹಿ ಬೇಕು. ಮುದ್ರೆಯ ಗಣಿತವೂ ಶಾಶ್ವತವಲ್ಲ. ಗಿಟ್ ಆಧರಿಸಿದ್ದ ‘ಶಾ-1’ ವಿಧಾನದಲ್ಲಿ ಎರಡು ಭಿನ್ನ ಕಡತಗಳಿಗೆ ಒಂದೇ ಮುದ್ರೆ ಬರುವಂತೆ ಮಾಡಬಹುದೆಂಬುದನ್ನು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು 2017ರಲ್ಲಿ ತೋರಿಸಿದರು. ಅದೇ ವರ್ಷ ಇಂತಹ ವಂಚನೆಯನ್ನು ಗುರುತಿಸುವ ಪರೀಕ್ಷೆಯನ್ನು ಗಿಟ್‌ನಲ್ಲಿ ಪೂರ್ವನಿಗದಿತವಾಗಿ ಅಳವಡಿಸಲಾಯಿತು.

4. ಕನ್ನಡ ಲಿಪಿಯ ಸಮಸ್ಯೆ

ಗಿಟ್ ನೋಡುವುದು ಬೈಟುಗಳನ್ನು, ಅಕ್ಷರಗಳನ್ನಲ್ಲ. ಯೂನಿಕೋಡ್‌ನಲ್ಲಿ ‘ನೋ’ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ, ಒತ್ವ ಮತ್ತು ದೀರ್ಘಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ; ಮುದ್ರೆಗಳು ಮಾತ್ರ ಬೇರೆ. ‘ನುಡಿ’, ‘ಬರಹ’ಗಳ ಹಳೆಯ ಅಕ್ಷರವಿನ್ಯಾಸಗಳಿಂದ ಯೂನಿಕೋಡಿಗೆ ಪರಿವರ್ತಿಸಿದ ಪಾಠಗಳಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತಗಳೂ ಸೇರಿರಬಹುದು. ಇವನ್ನು ಮೊದಲೇ ಏಕರೂಪಗೊಳಿಸದಿದ್ದರೆ ನಿಜವಾದ ಪಾಠಭೇದವು ಹುಸಿ ಭೇದಗಳ ನಡುವೆ ಮರೆಯಾಗುತ್ತದೆ.

5. ಉಪಸಂಹಾರ

ಮೇಲಿನ ವಿವೇಚನೆಯಿಂದ ಜಾನಪದ ಪಾಠಗಳನ್ನು ರಕ್ಷಿಸುವ ವಿಭಾಗಗಳಿಗೆ ಕೆಲವು ಕ್ರಮಗಳು ಸ್ಪಷ್ಟವಾಗುತ್ತವೆ. ಧ್ವನಿಮುದ್ರಣದ ಮೂಲಕಡತಕ್ಕೂ ಮೊದಲ ಲಿಪ್ಯಂತರಕ್ಕೂ ಯಾವುದೇ ತಿದ್ದುಪಡಿಗೆ ಮುನ್ನವೇ ಮುದ್ರೆ ಪಡೆಯಬೇಕು. ಸ್ವೀಕಾರಕಾಲದ ಪರೀಕ್ಷೆಯನ್ನೂ ಇತಿಹಾಸಬದಲಾವಣೆಯ ನಿಷೇಧವನ್ನೂ ಜಾರಿಗೊಳಿಸಬೇಕು. ನಿಯತಕಾಲಿಕವಾಗಿ ಪೂರ್ಣ ಪರೀಕ್ಷೆ ನಡೆಸಿ, ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿ ಇರಿಸಬೇಕು. ಗ್ರಂಥವು ಅಚ್ಚಾಗುವಾಗ ಅಂತಿಮ ಪರಿಷ್ಕರಣದ ಮುದ್ರೆಯನ್ನು ಪೀಠಿಕೆಯಲ್ಲಿ ಮುದ್ರಿಸಿದರೆ, ಕಾಗದದ ಮೇಲಿನ ಆ ಒಂದು ಸಾಲು ಗಣಕದೊಳಗಿನ ಇಡೀ ಇತಿಹಾಸಕ್ಕೆ ಸಾಕ್ಷಿಯಾಗುತ್ತದೆ. ಲಿಪ್ಯಂತರವು ಹಾಡಿಗೆ ನಿಷ್ಠವಾಗಿದೆಯೇ ಎಂಬುದನ್ನು ಯಾವ ಮುದ್ರೆಯೂ ಹೇಳಲಾರದು; ಅದು ಕಿವಿಗೊಟ್ಟು ಕೇಳಿದ ಸಂಪಾದಕನ ಹೊಣೆ. ಆತನು ಕೇಳಿ ಬರೆದುದು ಮುಂದಿನ ತಲೆಮಾರಿನ ಸಂಶೋಧಕರಿಗೆ ಹಾಗೆಯೇ ತಲಪುವಂತೆ ನೋಡಿಕೊಳ್ಳುವುದಷ್ಟೇ ಈ ಪರೀಕ್ಷೆಗಳ ಕಾರ್ಯ.