ಗಾಯಕ್ಕೆ ಸಿಂಪಡಿಸುವ ಔಷಧ

ಗಾಯದೊಳಗೆ ರೋಗಾಣುಗಳು ಹೊಕ್ಕು ಬೆಳೆದರೆ ಕೀವಾಗುತ್ತದೆ. ಇದನ್ನೇ ಗಾಯ ನಂಜಾಯಿತು ಎನ್ನುತ್ತೇವೆ. ನಂಜು ತಡೆಯುವ ಔಷಧ ಈಗ ಸ್ಪ್ರೇ ರೂಪದಲ್ಲಿಯೂ ಸಿಗುತ್ತದೆ. ಅದು ಬಂದ ಬಗೆ ತಿಳಿದರೆ ಬಳಸುವ ಕ್ರಮವೂ ತಿಳಿಯುತ್ತದೆ.

1865ರಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅವರು, ಗಾಡಿ ಹರಿದು ಕಾಲು ಮುರಿದಿದ್ದ 11 ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಅಂಥ ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾಗುತ್ತಿದ್ದ ಕಾಲವದು. ಬಾಲಕನ ಕಾಲು ಉಳಿಯಿತು. ಗಾಳಿಯಲ್ಲಿನ ರೋಗಾಣುಗಳೂ ಸಾಯಲೆಂದು 1871ರ ಸುಮಾರಿಗೆ ಅವರು ಶಸ್ತ್ರಕ್ರಿಯೆಯ ವೇಳೆ ಅದೇ ಆಮ್ಲವನ್ನು ಸಿಂಪಡಿಸತೊಡಗಿದರು. ಅದು ವೈದ್ಯರ ಕೈ ಸುಡುತ್ತಿತ್ತು, ಉಸಿರಿಗೂ ಕಷ್ಟವಾಗುತ್ತಿತ್ತು. ನಂಜು ಹೆಚ್ಚಾಗಿ ಬರುವುದು ಗಾಳಿಯಿಂದಲ್ಲ, ಕೈ ಮತ್ತು ಉಪಕರಣಗಳಿಂದ ಎಂದು ಮನಗಂಡು 1890ರ ಹೊತ್ತಿಗೆ ಅವರೇ ಅದನ್ನು ಕೈಬಿಟ್ಟರು.

ಟಿಂಚರ್ ಅಯೋಡಿನ್ ಕೂಡ ಬಳಕೆಯಲ್ಲಿತ್ತು. ಅದು ರೋಗಾಣುಗಳನ್ನು ಕೊಲ್ಲುತ್ತದೆ, ಆದರೆ ಗಾಯಕ್ಕೆ ವಿಪರೀತ ಉರಿ. 1955ರಲ್ಲಿ ಅಮೆರಿಕದಲ್ಲಿ ಅಯೋಡಿನ್ನನ್ನು ಪೊವಿಡೋನ್ ಎಂಬ ವಸ್ತುವಿನೊಂದಿಗೆ ಸೇರಿಸಲಾಯಿತು. ಇದರಿಂದ ಅಯೋಡಿನ್ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತದೆ, ಉರಿಯೂ ಕಡಿಮೆ. ಡ್ರೆಸ್ಸಿಂಗ್ ಮಾಡುವಾಗ ಹಚ್ಚುವ ಕಂದು ಬಣ್ಣದ ಔಷಧ ಇದೇ. ಸ್ಪ್ರೇ ಆದರೆ ಗಾಯವನ್ನು ಕೈಯಿಂದ ಮುಟ್ಟದೆಯೇ ಹಾಕಬಹುದು.

ಬಳಸುವ ಕ್ರಮ:

1. ಮೊದಲು ಸಾಬೂನಿನಿಂದ ನಿಮ್ಮ ಕೈ ತೊಳೆಯಿರಿ.

2. ಗಾಯವನ್ನು ಶುದ್ಧ ನೀರಿನಿಂದ ತೊಳೆದು ಮಣ್ಣು, ಕಸ ತೆಗೆಯಿರಿ. ಕೊಳೆಯ ಮೇಲೆ ಎಷ್ಟು ಔಷಧ ಸಿಂಪಡಿಸಿದರೂ ಪ್ರಯೋಜನವಿಲ್ಲ.

3. ತೆಳುವಾಗಿ ಸಿಂಪಡಿಸಿ, ಆರಿದ ಮೇಲೆ ಶುದ್ಧ ಬಟ್ಟೆ ಕಟ್ಟಿರಿ. ಕಣ್ಣು, ಬಾಯಿಗೆ ತಾಗದಿರಲಿ.

4. ಗರ್ಭಿಣಿಯರು, ಬಾಣಂತಿಯರು, ಹಸುಗೂಸುಗಳು ಮತ್ತು ಥೈರಾಯ್ಡ್ ತೊಂದರೆ ಇರುವವರಿಗೆ ವೈದ್ಯರನ್ನು ಕೇಳದೆ ಅಯೋಡಿನ್ ಔಷಧ ಬೇಡ.

ಗಾಯಕ್ಕೆ ಸಗಣಿ, ಸುಣ್ಣ, ಕಾಫಿಪುಡಿ ಹಾಕಬಾರದು. ಸಗಣಿ, ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಸ್ಪ್ರೇ ಹಾಕಿದ ಮಾತ್ರಕ್ಕೆ ಧನುರ್ವಾಯು ಚುಚ್ಚುಮದ್ದು ಬೇಡವೆಂದಲ್ಲ. ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಬನ್ನಿರಿ.

ಆಳವಾದ ಗಾಯ, ನಿಲ್ಲದ ರಕ್ತ, ಕೀವು, ದುರ್ವಾಸನೆ, ಸುತ್ತಲೂ ಹರಡುವ ಬಾವು, ಜ್ವರ ಇದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಸಕ್ಕರೆ ಕಾಯಿಲೆಯವರು ನೋವಿಲ್ಲವೆಂದು ಕಾಲಿನ ಹುಣ್ಣನ್ನು ಅಲಕ್ಷಿಸಬಾರದು. ಬೇಗ ತೋರಿಸಿದರೆ ಕಾಲು ಉಳಿಸಿಕೊಳ್ಳಬಹುದು.