ರನ್ ಎಂಬ ಪದಕ್ಕೆ 645 ಅರ್ಥ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಅತಿ ಹೆಚ್ಚು ಜಾಗ ಹಿಡಿಯುವುದು ನಾಲಿಗೆ ತಿರುಗದ ಯಾವುದೋ ವೈದ್ಯಕೀಯ ಪದವಲ್ಲ, ಮೂರೇ ಅಕ್ಷರದ ಕ್ರಿಯಾಪದ. 1989ರ ಎರಡನೆಯ ಆವೃತ್ತಿಯಲ್ಲಿ ಆ ಸ್ಥಾನ ‘ಸೆಟ್’ಗೆ ಇತ್ತು, ಅದರ ವಿವರಣೆಯೊಂದೇ ಸುಮಾರು 60,000 ಪದಗಳಷ್ಟು ಉದ್ದ. ಆಮೇಲೆ ಪರಿಷ್ಕರಣೆ ನಡೆಯಿತು. ಸಂಪಾದಕ ಪೀಟರ್ ಗಿಲ್ಲಿವರ್ ಸುಮಾರು ಒಂಬತ್ತು ತಿಂಗಳು ‘ರನ್’ ಪದವೊಂದರ ಮೇಲೆಯೇ ಕೂತರು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳಿವೆ ಎಂಬ ಲೆಕ್ಕ 2011ರಲ್ಲಿ ಹೊರಬಿತ್ತು. ಈ ಸಂಖ್ಯೆ ಕೇಳಿದವರು ಎರಡು ತೀರ್ಮಾನಕ್ಕೆ ಬರುತ್ತಾರೆ: ಇಂಗ್ಲಿಷ್ ಅಷ್ಟು ಸಿರಿವಂತ ಭಾಷೆ ಎಂದು ಕೆಲವರು, ಅಷ್ಟು ಗೊಂದಲದ ಭಾಷೆ ಎಂದು ಇನ್ನು ಕೆಲವರು. ಎರಡೂ ಸರಿಯಲ್ಲ ಎಂಬುದು ನನ್ನ ವಾದ. ಹಳೆಯ, ಚಿಕ್ಕ, ದಿನಬಳಕೆಯ ಕ್ರಿಯಾಪದ ಯಾವ ಭಾಷೆಯದ್ದಾದರೂ ಹೀಗೇ ಹಬ್ಬುತ್ತದೆ. ಅದರ ಅರ್ಥ ನಿಲ್ಲುವುದು ಅಕ್ಕಪಕ್ಕದ ಪದಗಳ ಆಸರೆಯಲ್ಲಿ.

‘ರನ್’ ಹಬ್ಬಿದ ಬಗೆಯನ್ನು ನೋಡಿ. ಇದೇ ಬೇರಿನ ಜರ್ಮನ್ ಪದ ‘ರಿನ್ನೆನ್’ಗೆ ಇಂದಿಗೂ ಹರಿಯುವುದು ಎಂದೇ ಅರ್ಥ. ಹಾಗಾಗಿ ಮನುಷ್ಯನ ಓಟ ಮೊದಲು, ನದಿಯ ಹರಿವು ಆಮೇಲೆ ಬಂದ ಅಲಂಕಾರ ಎಂದು ಹೇಳಲಾಗದು; ಎರಡೂ ಹಳೆಯವೇ. ಹರಿಯುವ ಅರ್ಥದಿಂದಲೇ ಮೂಗು ಸೋರುವುದು, ಒಗೆದ ಬಟ್ಟೆಯ ಬಣ್ಣ ಬಿಡುವುದು ಎಲ್ಲವೂ ‘ರನ್’ ಆದವು. ಯಂತ್ರಗಳ ಕಾಲ ಬಂದಾಗ ಗಿರಣಿ, ಎಂಜಿನ್, ರೈಲು ಅದರ ತೆಕ್ಕೆಗೆ ಬಿದ್ದವು. ಕಂಪ್ಯೂಟರ್ ಬಂದಾಗ ಪ್ರೋಗ್ರಾಮೂ ಬಿತ್ತು. ಯಂತ್ರ ನಡೆಸುವವನು ಕಾರ್ಖಾನೆಯನ್ನೂ ನಡೆಸಬಹುದು, ಹೋಟೆಲನ್ನೂ ನಡೆಸಬಹುದು, ದೇಶವನ್ನೂ ನಡೆಸಬಹುದು. ಕ್ರಿಕೆಟ್ಟಿನಲ್ಲಂತೂ ಪದ ತನ್ನ ಮೂಲವನ್ನೇ ಬಿಟ್ಟು ಮುಂದೆ ಹೋಗಿದೆ: ಚೆಂಡು ಬೌಂಡರಿ ದಾಟಿದರೆ ಬ್ಯಾಟರ್ ಒಂದು ಹೆಜ್ಜೆ ಇಡದಿದ್ದರೂ ನಾಲ್ಕು ರನ್. ಒಂದೊಂದು ಹಂತವೂ ಹಿಂದಿನದಕ್ಕೆ ಅಂಟಿಕೊಂಡಿದೆ, ಆದರೆ ಮೊದಲ ತುದಿಗೂ ಕೊನೆಯ ತುದಿಗೂ ನೇರ ನಂಟು ಕಾಣುವುದಿಲ್ಲ.

ಇದು ಇಂಗ್ಲಿಷಿಗೆ ಮಾತ್ರ ದಕ್ಕಿದ ಸಂಪತ್ತು ಎನ್ನುವವರು ನಮ್ಮ ‘ಹೊಡೆ’ಯನ್ನು ಒಮ್ಮೆ ಗಮನಿಸಬೇಕು. ಮೊಳೆ ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಬೆಳೆಗೆ ಔಷಧಿ ಹೊಡೆಯುತ್ತೇವೆ. ಊಟವಾದ ಮೇಲೆ ನಿದ್ದೆ ಹೊಡೆಯುತ್ತೇವೆ. ಒಬ್ಬ ಬುರುಡೆ ಹೊಡೆದರೆ ಇನ್ನೊಬ್ಬ ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾನೆ. ಹಳಸಿದ ಸಾರು ವಾಸನೆ ಹೊಡೆಯುತ್ತದೆ, ಅದೃಷ್ಟವಿದ್ದವನಿಗೆ ಲಾಟರಿ ಹೊಡೆಯುತ್ತದೆ. ಇಲ್ಲಿ ಎಷ್ಟು ಕಡೆ ನಿಜವಾದ ಏಟು ಬಿದ್ದಿದೆ? ‘ಓಡು’ ಕೂಡ ಹಾಗೆಯೇ. ತಲೆ ಓಡುತ್ತದೆ, ಪತ್ರಿಕೆಯ ಮೇಲೆ ಕಣ್ಣೋಡಿಸುತ್ತೇವೆ, ಸಿನಿಮಾ ನೂರು ದಿನ ಓಡುತ್ತದೆ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿತು ಎಂದರೆ ಅದು ಎಲ್ಲಿಗೆ ಓಡಿತು ಎಂದು ಯಾರೂ ಕೇಳುವುದಿಲ್ಲ. ಆದರೆ ನಮ್ಮ ಹಾದಿ ಇಂಗ್ಲಿಷಿನ ಹಾದಿಯೇ ಅಲ್ಲ. ನೀರು ಹರಿಯುತ್ತದೆ, ಫ್ಯಾನ್ ತಿರುಗುತ್ತದೆ, ಅಂಗಡಿ ನಡೆಯುತ್ತದೆ. ಇಲ್ಲೆಲ್ಲ ಇಂಗ್ಲಿಷಿಗೆ ‘ರನ್’ ಒಂದೇ ಸಾಕು. ಚುನಾವಣೆಗೆ ಅಮೆರಿಕದವರು ‘ಓಡಿದರೆ’, ಬ್ರಿಟಿಷರು ನಮ್ಮ ಹಾಗೆ ‘ನಿಲ್ಲುತ್ತಾರೆ’. ಒಂದೇ ಇಂಗ್ಲಿಷಿನೊಳಗೂ ಹಾದಿ ಕವಲೊಡೆದಿದೆ.

645 ಎಂಬ ಅಂಕಿಯೇ ನಿಘಂಟುಕಾರರ ಸೃಷ್ಟಿ ಎಂಬ ಆಕ್ಷೇಪವೂ ಇದೆ, ಅದನ್ನು ತಳ್ಳಿಹಾಕಲಾಗದು. ನದಿ ಹರಿಯುವುದು, ಕಣ್ಣೀರು ಹರಿಯುವುದು ಒಂದು ಅರ್ಥವೋ ಎರಡೋ? ಸೀಳುತ್ತ ಹೋದರೆ ಸಾವಿರವಾಗಬಹುದು, ಕೂಡಿಸುತ್ತ ಬಂದರೆ ಹತ್ತಾರಕ್ಕೆ ಇಳಿಯಬಹುದು. ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಅಂಕಿ ಸಡಿಲವಾದ ಮಾತ್ರಕ್ಕೆ ಅದರ ಹಿಂದಿರುವ ಸಂಗತಿ ಸುಳ್ಳಾಗುವುದಿಲ್ಲ. 1755ರಲ್ಲಿ ತನ್ನ ನಿಘಂಟನ್ನು ಹೊರತಂದ ಸಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲೇ ಇಂಥ ಕ್ರಿಯಾಪದಗಳ ಪಟ್ಟಿ ಕೊಟ್ಟು, ಇವನ್ನು ಹಿಡಿದು ಕಟ್ಟುವುದು ಎಷ್ಟು ಕಷ್ಟವೆಂದು ತೋಡಿಕೊಂಡಿದ್ದ. ಆ ಪಟ್ಟಿಯಲ್ಲಿ ‘ರನ್’ ಇದೆ. ಹೆಚ್ಚು ಬಳಕೆಯಾಗುವ ಪದಕ್ಕೆ ಹೆಚ್ಚು ಅರ್ಥ ಎಂಬ ನಂಟನ್ನು ಅಮೆರಿಕದ ವಿದ್ವಾಂಸ ಜಾರ್ಜ್ ಜಿಫ್ 1945ರಲ್ಲಿ ಲೆಕ್ಕ ಹಾಕಿ ತೋರಿಸಿದ. ಯಾರು ಎಣಿಸಿದರೂ ತುದಿಗೆ ಬಂದು ನಿಲ್ಲುವುದು ಇಂಥ ಬಡಪದಗಳೇ.

ಇಷ್ಟೊಂದು ಅರ್ಥಗಳಿದ್ದರೆ ಆಡುವವರಿಗೆ ಗಲಿಬಿಲಿಯಾಗದೆ? ಆಗುವುದಿಲ್ಲ. ‘ರನ್ ಔಟ್’ ಪಕ್ಕದಲ್ಲಿ ಹಾಲು ಬಂದರೆ ಮನೆಯಲ್ಲಿ ಹಾಲು ಮುಗಿದಿದೆ. ಬ್ಯಾಟರ್ ಬಂದರೆ ಅವನು ಪೆವಿಲಿಯನ್ನಿಗೆ ಹೊರಡಬೇಕು. ಗಲಿಬಿಲಿ ಆಗುವುದು ಪದವನ್ನು ಒಂಟಿಯಾಗಿ ಕಲಿತವರಿಗೆ. ನಮ್ಮ ಎಷ್ಟೋ ತರಗತಿಗಳಲ್ಲಿ ಇಂಗ್ಲಿಷ್ ಕಲಿಕೆ ಶುರುವಾಗುವುದೇ ಎಡಕ್ಕೆ ‘ರನ್’, ಬಲಕ್ಕೆ ‘ಓಡು’ ಎಂಬ ಎರಡು ಸಾಲಿನ ಪಟ್ಟಿಯಿಂದ. ಅದನ್ನು ಬಾಯಿಪಾಠ ಮಾಡಿದ ಮಗು ಮೂಗು ‘ರನ್’ ಆಗುತ್ತಿದೆ ಎಂಬ ವಾಕ್ಯದ ಮುಂದೆ ತಬ್ಬಿಬ್ಬಾಗಿ, ತನಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಳ್ಳುತ್ತದೆ. ತಪ್ಪು ಮಗುವಿನದಲ್ಲ. ಮೂಗು, ನದಿ, ಹೋಟೆಲು, ಬಸ್ಸು ಒಂದೊಂದನ್ನೂ ‘ರನ್’ ಜೊತೆ ಸೇರಿಸಿದ ನಾಲ್ಕು ಪುಟ್ಟ ವಾಕ್ಯಗಳನ್ನು ಮೇಷ್ಟ್ರು ಹಲಗೆಯ ಮೇಲೆ ಬರೆದು, ಕನ್ನಡದಲ್ಲಿ ಪ್ರತಿಯೊಂದಕ್ಕೂ ಏನೆನ್ನುತ್ತೇವೆ ಎಂದು ಕೇಳಿದರೆ ಮಕ್ಕಳೇ ಹೇಳುತ್ತಾರೆ: ಸೋರುತ್ತದೆ, ಹರಿಯುತ್ತದೆ, ನಡೆಸುತ್ತಾರೆ, ಓಡುತ್ತದೆ.