ಆರೈಕೆ ಮಾಡುವವರಿಗೂ ಖಿನ್ನತೆ ಬರುತ್ತದೆಯೇ?

ಪ್ರಶ್ನೆ: ಕ್ಯಾನ್ಸರ್ ಬಂದಿರುವುದು ಅಪ್ಪನಿಗೆ. ಆದರೆ ನೋಡಿಕೊಳ್ಳುವ ಅಮ್ಮ ದಿನೇ ದಿನೇ ಸೊರಗುತ್ತಿದ್ದಾರೆ. ಇದೂ ಕಾಯಿಲೆಯೇ?

ಉತ್ತರ: ಇರಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವವರಲ್ಲಿ ನೂರಕ್ಕೆ ಸುಮಾರು 42 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು.

ಕೀಮೋ ದಿನ ನಸುಕಿನಲ್ಲೇ ಫೈಲು ಹಿಡಿದು ಸಾಲಿನಲ್ಲಿ ನಿಲ್ಲಬೇಕು, ರಾತ್ರಿ ವಾಂತಿಗೆ ಬೇಸಿನ್ ಹಿಡಿದು ಕೂರಬೇಕು, ನಡುವೆ ಸಾಲದ ಲೆಕ್ಕ. ನಿದ್ದೆಗೆಟ್ಟ ಮೈಮನಸ್ಸು ಎಷ್ಟು ದಿನ ತಡೆದೀತು? ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೊಂದು ಹೊರೆಯೂ ಇದೆ: ರೋಗದ ಹೆಸರನ್ನು ರೋಗಿಗೇ ಹೇಳದೆ ನಗುಮುಖ ಹೊತ್ತು ಓಡಾಡುವುದು. ಅಳಲೂ ಜಾಗವಿಲ್ಲ. ಎಲ್ಲಕ್ಕಿಂತ ಕ್ರೂರವಾದದ್ದು ಇದೇ ಎಂದು ನನ್ನ ಅನಿಸಿಕೆ.

ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ-ಹಸಿವು ಕೆಡುವುದು, ‘ನನ್ನಿಂದಲೇ ಹೀಗಾಯ್ತು’ ಎಂಬ ಕೊರಗು ಎರಡು ವಾರ ದಾಟಿದರೆ ಅದನ್ನು ಬರೀ ಸುಸ್ತು ಎನ್ನಬೇಡಿ. ಅಪ್ಪನ ವೈದ್ಯರಿಗೇ ಹೇಳಿ. ಆಪ್ತಸಮಾಲೋಚನೆಯಿಂದ, ಬೇಕಾದರೆ ಔಷಧಿಯಿಂದ ಇದು ಗುಣವಾಗುತ್ತದೆ. ವಾರಕ್ಕೆರಡು ರಾತ್ರಿಯಾದರೂ ಅಪ್ಪನ ಪಕ್ಕ ನೀವು ಮಲಗಿ, ಅಮ್ಮ ನಿದ್ದೆ ಮಾಡಲಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಮ್ಮ ಸಾಯುವ ಮಾತೆತ್ತಿದರೆ ಮಾತ್ರ ಒಂದು ದಿನವೂ ಕಾಯದೆ ಮನೋವೈದ್ಯರ ಬಳಿ ಕರೆದೊಯ್ಯಿರಿ.